ಅಮ್ಮನ ಮಿದುಳಲ್ಲಿ ಮೂರು ಗಡ್ಡೆ: ಇಡೀ ತಲೆಗೆ ರೇಡಿಯೇಷನ್ನಾ, ಗಡ್ಡೆಗೆ ಮಾತ್ರವಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಮ್ಮನಿಗೆ 58 ವರ್ಷ. ಮೂರು ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಆಯಿತು. ಹರ್-2 ಪಾಸಿಟಿವ್ ಅಂತ ಒಂದು ವರ್ಷ ಇಂಜೆಕ್ಷನ್ ಕೂಡ ಕೊಟ್ಟರು. ಆಮೇಲೆ ಆರಾಮಾಗಿದ್ದರು. ಈಗ ಒಂದು ತಿಂಗಳಿಂದ ಬೆಳಗ್ಗೆ ಎದ್ದ ಕೂಡಲೇ ತಲೆನೋವು. ಎಡಗೈಯಿಂದ ಲೋಟ ಜಾರಿ ಬೀಳುತ್ತಿತ್ತು. ಎಂಆರ್‌ಐ ಮಾಡಿಸಿದರೆ ಮಿದುಳಲ್ಲಿ ಮೂರು ಗಡ್ಡೆ. ದೊಡ್ಡದು 2.2 ಸೆಂ.ಮೀ., ಇನ್ನೆರಡು ಒಂದು ಸೆಂ.ಮೀ.ಗಿಂತ ಚಿಕ್ಕವು. ಮೈಯ ಬೇರೆ ಕಡೆ ಸ್ಕ್ಯಾನ್‌ನಲ್ಲಿ ಏನೂ ಕಂಡಿಲ್ಲ. ಹತ್ತಿರದ ಆಸ್ಪತ್ರೆಯವರು ಇಡೀ ತಲೆಗೆ ಹತ್ತು ದಿನ ಕರೆಂಟ್ ಕೊಡಬೇಕು ಅಂದರು. ಬೆಂಗಳೂರಿನಲ್ಲಿ ತೋರಿಸಿದವರು ಗಡ್ಡೆಗೆ ಮಾತ್ರ, ಒಂದೇ ದಿನದಲ್ಲಿ ಮುಗಿಸುತ್ತೇವೆ ಅನ್ನುತ್ತಾರೆ. ಯಾರ ಮಾತು ಕೇಳಬೇಕು? ಒಂದೇ ದಿನಕ್ಕೆ ಕಾಯಿಲೆ ಹೋಗುತ್ತಾ? ಅಮ್ಮನಿಗೆ ನಾವಿನ್ನೂ ಏನೂ ಹೇಳಿಲ್ಲ. ಮುಂದಿನ ತಿಂಗಳು ಅವರ ತಂಗಿಯ ಮಗಳ ಮದುವೆ. ಹೋಗೇ ಹೋಗ್ತೀನಿ ಅಂತ ಹಟ ಹಿಡಿದಿದ್ದಾರೆ. ಕರೆದುಕೊಂಡು ಹೋಗಬಹುದಾ?
ಹಾಸನ ಜಿಲ್ಲೆಯ ಓದುಗರು

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವು ಬರೆದದ್ದನ್ನು ನೋಡಿದರೆ ನಾನು ಗಡ್ಡೆಗಳಿಗೆ ಮಾತ್ರ ಗುರಿಯಿಟ್ಟು ಕೊಡುವ ರೇಡಿಯೇಷನ್ ಕಡೆಗೇ ವಾಲುತ್ತೇನೆ. ಮೂರೇ ಗಡ್ಡೆ. ಮೂರೂ ತೀರಾ ದೊಡ್ಡವಲ್ಲ. ಮೈಯ ಉಳಿದ ಕಡೆ ಕಾಯಿಲೆ ಹತೋಟಿಯಲ್ಲಿದೆ. ವಯಸ್ಸೂ ಅಂಥದ್ದೇನಲ್ಲ. ಎಂಆರ್‌ಐ ಚಿತ್ರಗಳನ್ನು ನಾನು ನೋಡಿಲ್ಲ, ಹಾಗಾಗಿ ಕೊನೆಯ ಮಾತು ಅವನ್ನು ಕಣ್ಣಾರೆ ನೋಡಿದ ಡಾಕ್ಟರದ್ದೇ.

ಆದರೆ ‘ಒಂದೇ ದಿನ’ ಅನ್ನುವ ಮಾತು ನಿಮ್ಮ ಮನಸ್ಸಿನಲ್ಲಿ ಸ್ವಲ್ಪ ಜಾಸ್ತಿಯೇ ಕೂತುಬಿಟ್ಟಿದೆ ಅನಿಸುತ್ತದೆ. ಮಷಿನ್ ಮೇಲೆ ಮಲಗುವುದು ಒಂದು ದಿನ, ಹೆಚ್ಚೆಂದರೆ ಮೂರೋ ಐದೋ ದಿನ. ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಎಂಆರ್‌ಐ ಮಾಡಿಸುತ್ತಲೇ ಇರಬೇಕು, ಅದೂ ವರ್ಷಗಟ್ಟಲೆ. ಅದನ್ನು ಬಿಟ್ಟರೆ ಈ ಚಿಕಿತ್ಸೆಗೆ ಅರ್ಥವೇ ಇಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಊರಲ್ಲಿ ಈಗಾಗಲೇ ‘ಬ್ರೈನ್ ಟ್ಯೂಮರ್ ಅಂತೆ’ ಅನ್ನುವ ಸುದ್ದಿ ಹಬ್ಬಿರಬಹುದು. ಇದು ಅದಲ್ಲ. ಮಿದುಳಲ್ಲೇ ಹುಟ್ಟಿದ ಗಡ್ಡೆ ಬೇರೆ, ಎಲ್ಲಿಂದಲೋ ಬಂದು ಅಲ್ಲಿ ಕೂತ ಗಡ್ಡೆ ಬೇರೆ. ಅಮ್ಮನ ತಲೆಯಲ್ಲಿರುವುದು ಸ್ತನ ಕ್ಯಾನ್ಸರಿನ ಜೀವಕೋಶಗಳೇ. ರಕ್ತದ ಜೊತೆ ಹರಿದು ಬಂದು ಬೀಡುಬಿಟ್ಟಿವೆ. ಶ್ವಾಸಕೋಶದ ಕ್ಯಾನ್ಸರ್, ಸ್ತನದ್ದು, ಕಿಡ್ನಿಯದ್ದು, ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್, ಇವು ಮಿದುಳಿಗೆ ಹೋಗುವುದು ಜಾಸ್ತಿ. ಸ್ತನ ಕ್ಯಾನ್ಸರಿನಲ್ಲೂ ಹರ್-2 ಪಾಸಿಟಿವ್, ಅಂದರೆ ಕ್ಯಾನ್ಸರ್ ಜೀವಕೋಶದ ಮೇಲೆ ಹರ್-2 ಅನ್ನುವ ಪ್ರೋಟೀನ್ ಜಾಸ್ತಿ ಇರುವವರಲ್ಲಿ ಇನ್ನೂ ಜಾಸ್ತಿ. ನಿಮ್ಮ ಅಮ್ಮನಿಗೆ ಕೊಟ್ಟ ಇಂಜೆಕ್ಷನ್ ಬಹುಶಃ ಟ್ರಾಸ್ಟುಜುಮ್ಯಾಬ್ ಇರಬೇಕು. ಒಳ್ಳೆಯ ಔಷಧಿ. ಆದರೆ ಅದರ ಅಣು ದೊಡ್ಡದು. ಮಿದುಳಿನ ರಕ್ತನಾಳಗಳಲ್ಲಿ ಬಿಗಿಯಾದ ಕಾವಲಿದೆ, ಸಿಕ್ಕಿದ್ದನ್ನೆಲ್ಲ ಒಳಗೆ ಬಿಡುವುದಿಲ್ಲ. ಕತ್ತಿನ ಕೆಳಗೆ ಔಷಧಿ ಕೆಲಸ ಮಾಡುತ್ತದೆ, ಕತ್ತಿನ ಮೇಲೆ ಅಷ್ಟು ಮಾಡುವುದಿಲ್ಲ. ಹಾಗಾಗಿ ಮೈಯೆಲ್ಲ ಕ್ಲೀನ್, ತಲೆಯಲ್ಲಿ ಮಾತ್ರ ಗಡ್ಡೆ ಅನ್ನುವುದನ್ನು ನಾವು ಆಗಾಗ ನೋಡುತ್ತೇವೆ. ನೀವು ತಡ ಮಾಡಿದ್ದರಿಂದಲೋ ಅಮ್ಮ ಪಥ್ಯ ಬಿಟ್ಟಿದ್ದರಿಂದಲೋ ಆದದ್ದಲ್ಲ.

ಇನ್ನು ‘ಕರೆಂಟ್’. ನಮ್ಮ ಒಪಿಡಿಯಲ್ಲೂ ಬಹಳ ಜನ ಹಾಗೇ ಹೇಳುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ಆದರೆ ತಲೆಯ ವಿಷಯ ಬಂದಾಗ ತಿದ್ದಲೇಬೇಕಾಗುತ್ತದೆ. ಒಮ್ಮೆ ನಿಮ್ಹಾನ್ಸ್‌ಗೆ ಚೀಟಿ ಬರೆದುಕೊಟ್ಟಾಗ ಒಬ್ಬರು ಕೈಮುಗಿದು, ‘ನಮ್ಮಮ್ಮನಿಗೆ ಬುದ್ಧಿ ಸರಿಯಾಗೇ ಇದೆ ಸಾರ್, ಶಾಕ್ ಕೊಡಿಸಬೇಡಿ’ ಅಂದರು. ಇದಕ್ಕೂ ವಿದ್ಯುತ್ ಶಾಕಿಗೂ ಯಾವ ಸಂಬಂಧವೂ ಇಲ್ಲ. ಎಕ್ಸ್‌ರೇ ತೆಗೆಯುತ್ತಾರಲ್ಲ, ಆ ಜಾತಿಯ ಕಿರಣಗಳೇ, ಶಕ್ತಿ ಬಹಳ ಹೆಚ್ಚು. ನೋವಿಲ್ಲ, ಬಿಸಿ ತಾಗುವುದಿಲ್ಲ. ಚಿಕಿತ್ಸೆ ಮುಗಿದ ಮೇಲೆ ಮೈಯಲ್ಲಿ ಕಿರಣ ಉಳಿಯುವುದಿಲ್ಲ. ಮೊಮ್ಮಕ್ಕಳು ತೊಡೆ ಮೇಲೆ ಕೂರಬಹುದು, ಒಂದೇ ಹಾಸಿಗೆಯಲ್ಲಿ ಮಲಗಬಹುದು. ನಿಮ್ಹಾನ್ಸ್ ಹೆಸರು ಯಾಕೆ ಬಂತು ಅಂದರೆ ಅಲ್ಲಿ ನರಶಸ್ತ್ರಚಿಕಿತ್ಸೆಯ ದೊಡ್ಡ ವಿಭಾಗವಿದೆ, ಗಡ್ಡೆಗೆ ಗುರಿಯಿಟ್ಟು ಕಿರಣ ಬಿಡುವ ಗಾಮಾ ನೈಫ್ ಯಂತ್ರವೂ ಇದೆ.

ಈಗ ನಿಮ್ಮ ಎರಡು ದಾರಿ. ಇಡೀ ಮಿದುಳಿಗೆ ಕೊಡುವುದು ಹಳೆಯ ಪದ್ಧತಿ. ದಿನಕ್ಕೆ 3 ಗ್ರೇ, ಹತ್ತು ದಿನ, ಒಟ್ಟು 30 ಗ್ರೇ. ಗ್ರೇ ಅಂದರೆ ಕಿರಣ ಅಳೆಯುವ ಅಳತೆ, ಲೀಟರ್ ಇದ್ದ ಹಾಗೆ. ಕೆಲವು ಕಡೆ 4 ಗ್ರೇಯಂತೆ ಐದೇ ದಿನಕ್ಕೆ ಮುಗಿಸುತ್ತಾರೆ. ಕಣ್ಣಿಗೆ ಕಾಣುವ ಗಡ್ಡೆಗೂ ಬೀಳುತ್ತದೆ, ಇನ್ನೂ ಎಂಆರ್‌ಐಗೆ ಕಾಣದಷ್ಟು ಸಣ್ಣ ಕಣಗಳಿಗೂ ಬೀಳುತ್ತದೆ. ಒಳ್ಳೆಯ ಮಿದುಳಿಗೂ ಅಷ್ಟೇ ಬೀಳುತ್ತದೆ. ಗುರಿಯಿಟ್ಟ ರೇಡಿಯೇಷನ್‌ನಲ್ಲಿ ಒಂದೊಂದು ಗಡ್ಡೆಯನ್ನೂ ಬೇರೆ ಬೇರೆಯಾಗಿ ಹಿಡಿದು ಒಂದೇ ಸಲಕ್ಕೆ 18, 20, 24 ಗ್ರೇ ಹೊಡೆಯುತ್ತೇವೆ. ಕೆಲವೇ ಮಿಲಿಮೀಟರ್ ಆಚೆಗೆ ಅದು ಸರ್ರನೆ ಇಳಿದುಬಿಡುತ್ತದೆ. ರೈತರೊಬ್ಬರಿಗೆ ಇದನ್ನು ಬಿಡಿಸಿ ಹೇಳುತ್ತಿದ್ದಾಗ ಅವರೇ ಹೇಳಿದರು: ‘ಒಂದು, ಹೊಲಕ್ಕೆಲ್ಲ ಕಳೆ ಔಷಧಿ ಹೊಡೆದಂಗೆ. ಇನ್ನೊಂದು, ಕೂತು ಕಳೆ ಕಿತ್ತಂಗೆ.’ ಸರಿ ಅಂದೆ. ಒಂದು ಕ್ಷಣ ಬಿಟ್ಟು ಅವರೇ ಕೇಳಿದರು, ‘ಮತ್ತೆ ಮಣ್ಣೊಳಗಿನ ಬೀಜ?’ ಇಡೀ ವಿಷಯ ಆ ಪ್ರಶ್ನೆಯಲ್ಲೇ ಇದೆ.

ಅಷ್ಟು ಕಿರಣ ಒಂದೇ ಜಾಗಕ್ಕೆ ಹೋಗುವುದು ಹೇಗೆ, ದಾರಿಯಲ್ಲಿರುವ ಮಿದುಳು ಸುಡುವುದಿಲ್ಲವಾ? ಹನಿಗೂಡಿದರೆ ಹಳ್ಳ ಅಂತೀವಲ್ಲ, ಅದೇ ಉಪಾಯ. ಒಂದೇ ದಪ್ಪ ಕಿರಣ ಬಿಡುವುದಿಲ್ಲ. ಸಣ್ಣ ಸಣ್ಣ ಕಿರಣಗಳನ್ನು ಎಲ್ಲ ದಿಕ್ಕಿನಿಂದ ಬಿಡುತ್ತೇವೆ. ಒಂದೊಂದೂ ದುರ್ಬಲ, ಹೋಗುವ ದಾರಿಯಲ್ಲಿ ಹೆಚ್ಚೇನೂ ಮಾಡುವುದಿಲ್ಲ. ಎಲ್ಲವೂ ಸೇರುವ ಒಂದು ಬಿಂದುವಿನಲ್ಲಿ ಮಾತ್ರ ಜೋರು. ಸ್ವೀಡನ್ನಿನ ನರಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್ ಈ ಯೋಚನೆಯನ್ನು 1951ರಲ್ಲೇ ಬರೆದಿದ್ದರು. ತಲೆಬುರುಡೆ ತೆರೆಯದೆ ಮಿದುಳಿನ ಒಳಗೆ ಆಪರೇಷನ್ ಮಾಡಬೇಕು ಅನ್ನುವುದು ಅವರ ಹಂಬಲ. 1960ರ ದಶಕದ ಕೊನೆಗೆ ಸ್ಟಾಕ್‌ಹೋಮ್‌ನಲ್ಲಿ ಮೊದಲ ಗಾಮಾ ನೈಫ್ ಕೆಲಸ ಶುರು ಮಾಡಿತು. ಹೆಸರಿನಲ್ಲಿ ಚಾಕು ಇದೆ ಅಷ್ಟೇ, ಯಂತ್ರದಲ್ಲಿ ಎಲ್ಲೂ ಇಲ್ಲ. ಆ ಮೊದಲ ಯಂತ್ರದಲ್ಲಿ ಕಿರಣ ಸೂಸುವ 179 ಕೋಬಾಲ್ಟ್ ಮೂಲಗಳಿದ್ದವು. ಈಗಿನವುಗಳಲ್ಲಿ 192 ಇವೆ. ಒಂದು ತಮಾಷೆ ಅಂದರೆ ಕೋಬಾಲ್ಟ್ ತಾನಾಗಿಯೇ ಕ್ಷೀಣಿಸುತ್ತದೆ, ಐದು ವರ್ಷ ಚಿಲ್ಲರೆಗೆ ಅರ್ಧ. ಹಾಗಾಗಿ ಕೋಬಾಲ್ಟ್ ಹಳೆಯದಾದ ಯಂತ್ರದಲ್ಲಿ ಅದೇ ಡೋಸ್ ಕೊಡಲು ಜಾಸ್ತಿ ಹೊತ್ತು ಮಲಗಬೇಕು. ‘ಪಕ್ಕದ ಆಸ್ಪತ್ರೆಯಲ್ಲಿ ಅರ್ಧ ಗಂಟೆ ಅಂದರು, ನೀವು ಒಂದು ಗಂಟೆ ಅಂತೀರಿ’ ಅಂತ ಜಗಳ ಆಡಲು ಬಂದವರಿದ್ದಾರೆ.

ಗಾಮಾ ನೈಫ್ ಒಂದೇ ಯಂತ್ರವಲ್ಲ. ರೋಬೋಟ್ ಕೈ ಇರುವ ಸೈಬರ್‌ನೈಫ್ ಇದೆ. ಮಾಮೂಲಿ ರೇಡಿಯೇಷನ್ ಕೊಡುವ ಲೀನಾಕ್ ಮಷಿನ್ನುಗಳಲ್ಲೂ ಈಗ ಇದನ್ನು ಚೆನ್ನಾಗಿ ಮಾಡುತ್ತಾರೆ. ಯಾವುದು ಒಳ್ಳೆಯದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಜಾಹೀರಾತು ಫಲಕದಲ್ಲಿ ಯಂತ್ರದ ಫೋಟೋ ಹಾಕುತ್ತಾರೆ. ನಾನಾದರೆ ಅದರ ಹಿಂದೆ ಕೂತು ಲೆಕ್ಕ ಹಾಕುವ ಫಿಸಿಸಿಸ್ಟ್ ಫೋಟೋ ಹಾಕುತ್ತಿದ್ದೆ. ಒಂದು ಮಿಲಿಮೀಟರ್ ತಪ್ಪಿದರೂ ಕಷ್ಟವಾಗುವ ಕೆಲಸ ಇದು. ತಿಂಗಳಿಗೆ ಇಂಥ ಎಷ್ಟು ಕೇಸು ಮಾಡುತ್ತೀರಿ ಅಂತ ಧೈರ್ಯವಾಗಿ ಕೇಳಿ. ಬೇಸರ ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ಈಗ ರೈತರ ಬೀಜದ ಪ್ರಶ್ನೆಗೆ ಬರುತ್ತೇನೆ. ಜಪಾನಿನಲ್ಲಿ ಒಂದರಿಂದ ನಾಲ್ಕು ಗಡ್ಡೆ ಇರುವ 132 ಜನರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2006ರಲ್ಲಿ ಬಂತು. ಒಂದು ಗುಂಪಿಗೆ ಗುರಿಯಿಟ್ಟದ್ದು ಮಾತ್ರ. ಇನ್ನೊಂದಕ್ಕೆ ಅದರ ಜೊತೆ ಇಡೀ ಮಿದುಳಿಗೂ. ಒಂದು ವರ್ಷದೊಳಗೆ ಮಿದುಳಲ್ಲಿ ಎಲ್ಲಾದರೂ ಕಾಯಿಲೆ ಮತ್ತೆ ಕಂಡದ್ದು ಮೊದಲ ಗುಂಪಿನಲ್ಲಿ ನೂರಕ್ಕೆ 76, ಎರಡನೆಯದರಲ್ಲಿ 47. ಇಷ್ಟು ನೋಡಿದರೆ ಇಡೀ ತಲೆಗೆ ಕೊಡುವುದೇ ಮೇಲು ಅನಿಸುತ್ತದೆ, ಅಲ್ವಾ? ಆದರೆ ಬದುಕಿದ ಅವಧಿ ಎರಡೂ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದೇ. ಹೊಸ ಗಡ್ಡೆ ಕಂಡಾಗ ಅದಕ್ಕೆ ಮತ್ತೆ ಗುರಿಯಿಟ್ಟು ಹೊಡೆಯಬಹುದಿತ್ತು, ಬೇಕಾದರೆ ಆಗ ಇಡೀ ಮಿದುಳಿಗೆ ಕೊಡಬಹುದಿತ್ತು. ಹಾಗಾದರೆ ಮೊದಲೇ ಇಡೀ ಮಿದುಳಿಗೆ ಕೊಟ್ಟು ಕಳೆದುಕೊಂಡದ್ದೇನು? ಅದಕ್ಕೆ ಉತ್ತರ 2016ರ ಅಮೆರಿಕದ ಅಧ್ಯಯನದಲ್ಲಿದೆ. ಒಂದರಿಂದ ಮೂರು ಗಡ್ಡೆ ಇದ್ದ 213 ಜನ. ಮೂರು ತಿಂಗಳ ಹೊತ್ತಿಗೆ ನೆನಪು, ಗ್ರಹಿಕೆ, ಮಾತಿನ ಪರೀಕ್ಷೆಗಳಲ್ಲಿ ಹಿಂದೆ ಬಿದ್ದವರು ಗುರಿಯಿಟ್ಟ ಗುಂಪಿನಲ್ಲಿ ನೂರಕ್ಕೆ 64, ಇಡೀ ಮಿದುಳನ್ನೂ ಸೇರಿಸಿದ ಗುಂಪಿನಲ್ಲಿ 92.

ಮೊದಲ ಗುಂಪಿನ 64 ಕೂಡ ಸಣ್ಣ ಅಂಕಿಯಲ್ಲ ಅನ್ನುವುದು ನಿಜ. ಕಾಯಿಲೆಯೇ ಒಂದಷ್ಟು ಕಿತ್ತುಕೊಳ್ಳುತ್ತದೆ, ಔಷಧಿಗಳೂ ಕಿತ್ತುಕೊಳ್ಳುತ್ತವೆ. ಆದರೂ ಈ ವ್ಯತ್ಯಾಸ ಮನೆಯಲ್ಲಿ ಕಾಣುತ್ತದೆ. ಒಲೆ ಆರಿಸಿದೆನಾ ಅಂತ ಮೂರು ಸಲ ನೋಡುವುದು, ಪಲ್ಯಕ್ಕೆ ಎರಡು ಸಲ ಉಪ್ಪು, ಗೊತ್ತಿರುವ ದಾರಿಯಲ್ಲಿ ಒಂದು ಕ್ಷಣ ನಿಂತುಬಿಡುವುದು. ಹರ್-2 ಕ್ಯಾನ್ಸರಿನವರು ಈಗಿನ ಔಷಧಿಗಳಿಂದ ವರ್ಷಗಟ್ಟಲೆ ಬದುಕುವ ಸಾಧ್ಯತೆ ಇದೆ. ಬದುಕುವ ವರ್ಷ ಜಾಸ್ತಿ ಆದಷ್ಟೂ ನೆನಪಿನ ಬೆಲೆ ಜಾಸ್ತಿ. ಹಾಗಾಗಿ ನಿಮ್ಮ ಅಮ್ಮನ ವಿಷಯದಲ್ಲಿ ಇಡೀ ಮಿದುಳಿನ ಚಿಕಿತ್ಸೆಯನ್ನು ಕೈಯಲ್ಲಿ ಉಳಿಸಿಕೊಂಡಿರಬೇಕು, ಮೊದಲೇ ಖರ್ಚು ಮಾಡಬಾರದು ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ತೆರಬೇಕಾದ ಬೆಲೆಯೇ ಆ ಎಂಆರ್‌ಐ ತಿರುಗಾಟ. ಬೀಜ ಮೊಳೆತಾಗ ಚಿಕ್ಕದಿರುವಾಗಲೇ ಸಿಗಬೇಕು. ಗಿಡವಾದ ಮೇಲೆ ಸಿಕ್ಕರೆ ಕಷ್ಟ.

ಹಾಗಂತ ಹತ್ತು ದಿನ ಅಂದ ಡಾಕ್ಟರನ್ನು ಬೈಯಬೇಡಿ. ಹತ್ತಾರು ಗಡ್ಡೆಗಳು ಮಳೆ ಹನಿಯಂತೆ ಚೆದುರಿದ್ದರೆ, ಮಿದುಳಿನ ಹೊದಿಕೆಯ ಮೇಲೆಲ್ಲ ಕಾಯಿಲೆ ಹರಡಿದ್ದರೆ ನಾನೂ ಅದನ್ನೇ ಬರೆಯುತ್ತೇನೆ. ಅವರ ಆಸ್ಪತ್ರೆಯಲ್ಲಿ ಇರುವ ಮಷಿನ್ ಅದೇ ಇರಬಹುದು. ಇಡೀ ಮಿದುಳಿಗೇ ಕೊಡುವಾಗಲೂ ಈಗ ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್ಸನ್ನು ತಪ್ಪಿಸಿ ಕೊಡುವ ವಿಧಾನ ಇದೆ, ಜೊತೆಗೆ ಮೆಮಾಂಟಿನ್ ಅನ್ನುವ ಮಾತ್ರೆ ಕೊಡುತ್ತಾರೆ. ಮುಂದೆಂದಾದರೂ ಅಮ್ಮನಿಗೆ ಅದು ಬೇಕಾಗಿ ಬಂದರೆ ಈ ಎರಡು ಹೆಸರು ನೆನಪಿಟ್ಟುಕೊಂಡು ಕೇಳಿ.

ಗಡ್ಡೆ ಮೂರಕ್ಕಿಂತ ಜಾಸ್ತಿ ಇದ್ದರೆ ಗುರಿಯಿಟ್ಟದ್ದು ಆಗುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ಅದು ಹಳೆಯ ಲೆಕ್ಕ. ಜಪಾನಿನವರೇ 1194 ಜನರನ್ನು ಹಿಂಬಾಲಿಸಿ 2014ರಲ್ಲಿ ತೋರಿಸಿದರು. ಐದರಿಂದ ಹತ್ತು ಗಡ್ಡೆ ಇದ್ದವರು ಎರಡರಿಂದ ನಾಲ್ಕು ಇದ್ದವರಷ್ಟೇ ಕಾಲ ಬದುಕಿದ್ದರು. ಈಗ ನಾವು ಎಷ್ಟು ಗಡ್ಡೆ ಅನ್ನುವುದಕ್ಕಿಂತ ಎಲ್ಲ ಸೇರಿ ಎಷ್ಟು ದೊಡ್ಡವು, ಎಲ್ಲಿವೆ ಅನ್ನುವುದನ್ನು ಜಾಸ್ತಿ ನೋಡುತ್ತೇವೆ. ನಿಮ್ಮ ಅಮ್ಮನ ಎರಡು ಚಿಕ್ಕ ಗಡ್ಡೆ ನನಗೆ ಚಿಂತೆಯಲ್ಲ. 2.2 ಸೆಂ.ಮೀ.ದು ಸ್ವಲ್ಪ ಯೋಚನೆಯದು. 2 ಸೆಂ.ಮೀ.ವರೆಗಿನ ಗಡ್ಡೆಗೆ ಒಂದೇ ಸಲಕ್ಕೆ 20ರಿಂದ 24 ಗ್ರೇ ಕೊಡಬಹುದು. 2ರಿಂದ 3 ಸೆಂ.ಮೀ. ಇದ್ದರೆ ಸುಮಾರು 18. 3 ದಾಟಿದರೆ 15ಕ್ಕೆ ಇಳಿಸಬೇಕು. ಗಡ್ಡೆ ದೊಡ್ಡದಾದಷ್ಟೂ ಸುತ್ತಲಿನ ಮಿದುಳಿಗೆ ಹೆಚ್ಚು ತಾಗುತ್ತದೆ, ಅದಕ್ಕೆ. ಎಡಗೈ ಸೋಲುತ್ತಿದೆ ಅಂದರೆ ದೊಡ್ಡ ಗಡ್ಡೆ ಬಲಗಡೆ, ಕೈ ಆಡಿಸುವ ಜಾಗದ ಹತ್ತಿರ ಇರಬೇಕು. ಅಂಥ ನಾಜೂಕಿನ ಜಾಗವಾದರೆ ಒಂದೇ ದಿನಕ್ಕೆ ಬದಲು ಮೂರು ದಿನ ದಿನಕ್ಕೆ 9 ಗ್ರೇ ಕೊಡುವುದೂ ಉಂಟು. ಬೆಂಗಳೂರಿನವರು ಪ್ಲಾನ್ ಮಾಡಿದ ಮೇಲೆ ‘ಒಂದಲ್ಲ, ಮೂರು ದಿನ ಬನ್ನಿ’ ಅಂದರೆ ಮೋಸ ಅಂದುಕೊಳ್ಳಬೇಡಿ. ಆಪರೇಷನ್ ಮಾಡಿ ತೆಗೆಯಬಾರದಾ ಅಂತ ಯಾರಾದರೂ ಕೇಳಬಹುದು. 3-4 ಸೆಂ.ಮೀ. ಇದ್ದು ಮಿದುಳನ್ನು ಒತ್ತುತ್ತಿದ್ದರೆ ಅದೇ ಸರಿ. ತೆಗೆದ ಮೇಲೂ ಗಡ್ಡೆ ಇದ್ದ ಆ ಜಾಗಕ್ಕೆ ರೇಡಿಯೇಷನ್ ಬೇಕೇ ಬೇಕು. ಇಲ್ಲಿ ಅದರ ಅಗತ್ಯ ಕಾಣುವುದಿಲ್ಲ.

ಆ ದಿನ ಏನಾಗುತ್ತದೆ ಅಂತ ಹೇಳಿದರೆ ಅರ್ಧ ಭಯ ಹೋಗುತ್ತದೆ. ಮೊದಲು ಬಣ್ಣದ ಇಂಜೆಕ್ಷನ್ ಕೊಟ್ಟು ತೆಳು ಪದರಗಳ ಎಂಆರ್‌ಐ ಮಾಡುತ್ತಾರೆ. ಅದಕ್ಕೂ ಮೊದಲು ಕಿಡ್ನಿಗೆ ಸಂಬಂಧಪಟ್ಟ ರಕ್ತ ಪರೀಕ್ಷೆ ಇರುತ್ತದೆ. ‘ಈಗ ತಾನೇ ಎಂಆರ್‌ಐ ಮಾಡಿಸಿದ್ವಲ್ಲ, ಮತ್ತೆ ಯಾಕೆ’ ಅಂತ ಬಹಳ ಜನ ಸಿಟ್ಟಾಗುತ್ತಾರೆ. ಎರಡು ವಾರದ ಹಿಂದಿನ ಚಿತ್ರದ ಮೇಲೆ ಗುರಿ ಇಡುವುದು ಅಪಾಯ. ಅಷ್ಟರಲ್ಲಿ ಗಡ್ಡೆ ಬೆಳೆದಿರಬಹುದು, ಹೊಸದು ಬಂದಿರಬಹುದು. ಇಲ್ಲಿ ದುಡ್ಡು ಉಳಿಸಬೇಡಿ. ಆಮೇಲೆ ಮುಖವಾಡ. ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಒತ್ತುತ್ತಾರೆ. ಬಿಸಿ ಟವೆಲ್ ಹಾಕಿದಂತೆ ಇರುತ್ತದೆ. ಕೆಲವೇ ನಿಮಿಷದಲ್ಲಿ ಮುಖದ ಅಚ್ಚಿನಂತೆ ಗಟ್ಟಿಯಾಗುತ್ತದೆ. ತಲೆ ಅಲುಗಾಡದಿರಲಿ ಅಂತ. ಉಸಿರಾಟಕ್ಕೆ ತೊಂದರೆಯಿಲ್ಲ, ಆದರೆ ಬಿಗಿ ಅನಿಸುತ್ತದೆ. ಅಮ್ಮನಿಗೆ ಲಿಫ್ಟ್‌ನಲ್ಲಿ ಹೋಗಲು ಭಯವಾಗುತ್ತಾ? ಹಾಗಿದ್ದರೆ ಮೊದಲೇ ಹೇಳಿ, ಭಯ ತಗ್ಗಿಸುವ ಮಾತ್ರೆ ಕೊಡುತ್ತಾರೆ. ಕೆಲವು ಕಡೆ ಗಾಮಾ ನೈಫ್‌ಗೆ ಮುಖವಾಡದ ಬದಲು ಲೋಹದ ಚೌಕಟ್ಟು ಹಾಕುತ್ತಾರೆ. ನಾಲ್ಕು ಕಡೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಸ್ಕ್ರೂ ಬಿಗಿಯುತ್ತಾರೆ. ನೋಡಿದವರಿಗೆ ಎದೆ ಝಲ್ ಅನ್ನುತ್ತದೆ, ಅಮ್ಮನಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಫ್ರೇಮ್ ಹಾಕುವಾಗ ನೀವು ಹೊರಗಿರಿ.

ಅದಾದ ಮೇಲೆ ನಮ್ಮ ಕೆಲಸ. ಪ್ರತಿ ಗಡ್ಡೆಯ ಅಂಚನ್ನೂ ಪದರ ಪದರದಲ್ಲಿ ಗೆರೆ ಎಳೆದು ಗುರುತಿಸುತ್ತೇವೆ. ಫಿಸಿಸಿಸ್ಟ್ ಕಿರಣಗಳ ದಾರಿ ಹಾಕುತ್ತಾರೆ. ಕಣ್ಣಿನ ನರ, ಮಿದುಳಿನ ಕಾಂಡ ಇವಕ್ಕೆ ಎಷ್ಟು ತಾಗುತ್ತದೆ ಅಂತ ಲೆಕ್ಕ ನೋಡಿ, ಬೇಡವಾದರೆ ಮತ್ತೆ ಮೊದಲಿನಿಂದ. ಮುಖವಾಡದವರಿಗೆ ಕೆಲವೊಮ್ಮೆ ಈ ಲೆಕ್ಕಕ್ಕೇ ದಿನಗಳು ಹಿಡಿಯುತ್ತವೆ, ಆಗ ಮಷಿನ್ ಮೇಲೆ ಮಲಗುವುದು ಇನ್ನೊಂದು ದಿನ. ಮಲಗಿದ ಮೇಲೆ ಅರ್ಧದಿಂದ ಒಂದು ಗಂಟೆ. ಅಮ್ಮ ಎಚ್ಚರವಾಗಿರುತ್ತಾರೆ. ಒಳಗೆ ಮೈಕ್ ಇರುತ್ತದೆ, ಮಾತಾಡಬಹುದು. ನಮ್ಮಲ್ಲಿ ಒಬ್ಬ ಅಜ್ಜಿ ಇಡೀ ಹೊತ್ತು ಮೈಕಿನಲ್ಲಿ ದೇವರನಾಮ ಹಾಡುತ್ತಾ ಮಲಗಿದ್ದರು. ಮುಖವಾಡದೊಳಗೆ ಹಾಡಿದರೆ ದವಡೆ ಅಲುಗುತ್ತದೆ, ಮನಸ್ಸಿನಲ್ಲೇ ಹಾಡಿ ಅಂತ ಕೇಳಿಕೊಳ್ಳಬೇಕಾಯಿತು. ಸಂಜೆ ಮನೆಗೆ ಹೋಗಬಹುದು. ಕೂದಲು ಪೂರ್ತಿ ಉದುರುವುದು ಇಡೀ ತಲೆಗೆ ಕೊಟ್ಟಾಗ. ಇದರಲ್ಲಿ ಸಾಮಾನ್ಯವಾಗಿ ಉದುರುವುದಿಲ್ಲ. ಗಡ್ಡೆ ಬುರುಡೆಯ ಅಂಚಿಗೇ ಇದ್ದರೆ ಕಾಸಿನಗಲ ಉದುರಿ ಮತ್ತೆ ಬರುತ್ತದೆ. ಒಂದೆರಡು ವಾರ ಸುಸ್ತು, ಕೆಲವರಿಗೆ ಮೊದಲ ರಾತ್ರಿ ತಲೆನೋವು, ವಾಂತಿ ಬಂದ ಹಾಗಾಗುವುದು, ಇಷ್ಟೇ.

ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಆಗಲೇ ಶುರುವಾಗಿರಬೇಕು. ತಲೆನೋವು ಈಗ ಇಳಿದಿದ್ದರೆ ಅದರಿಂದಲೇ. ಮಿದುಳಿನ ಊತ ಇಳಿಸುತ್ತದೆ. ಆದರೆ ಇದರಷ್ಟು ಉಪಕಾರಿ, ಇದರಷ್ಟು ಉಪದ್ರವಿ ಮಾತ್ರೆ ಇನ್ನೊಂದಿಲ್ಲ. ಶುಗರ್ ಏರಿಸುತ್ತದೆ, ನಿದ್ದೆ ಕೆಡಿಸುತ್ತದೆ, ಹೊಟ್ಟೆ ಉರಿಸುತ್ತದೆ, ಸಿಡುಕು ತರುತ್ತದೆ. ತಿಂಗಳುಗಟ್ಟಲೆ ತಿಂದರೆ ಮುಖ ಊದಿ, ತೊಡೆಯ ಸ್ನಾಯು ಸೋತು, ಕೂತವರು ಏಳಲಾರದಂತೆ ಆಗುತ್ತದೆ. ತಿಂಡಿ ಆದ ಮೇಲೆ ಕೊಡಿ. ಕೊನೆಯ ಮಾತ್ರೆ ಮಧ್ಯಾಹ್ನಕ್ಕೇ ಮುಗಿಯುವಂತೆ ಮಾಡಬಹುದಾ ಅಂತ ಕೇಳಿ. ಗ್ಲುಕೋಮೀಟರ್ ಇದ್ದರೆ ಶುಗರ್ ನೋಡುತ್ತಿರಿ. ಮುಖ್ಯವಾಗಿ, ಆರಾಮಾಯಿತು ಅಂತ ನೀವೇ ಥಟ್ಟನೆ ನಿಲ್ಲಿಸಬೇಡಿ. ಡಾಕ್ಟರು ಹೇಳಿದಂತೆ ಮೆಟ್ಟಿಲಿಳಿದ ಹಾಗೆ ಇಳಿಸಬೇಕು. ಡಾಕ್ಟರು ಹೇಳಲು ಮರೆತರೆ ನೀವೇ ಕೇಳಿ, ‘ಇದನ್ನು ಯಾವಾಗ ಇಳಿಸೋದು?’ ಅಂತ. ಫಿಟ್ಸ್ ಒಮ್ಮೆಯೂ ಬಂದಿಲ್ಲದಿದ್ದರೆ ಫಿಟ್ಸ್ ಮಾತ್ರೆ ಸಾಮಾನ್ಯವಾಗಿ ಬೇಕಿಲ್ಲ.

ಒಂದೇ ದಿನಕ್ಕೆ ಹೋಗುತ್ತಾ ಅಂದಿರಿ. ಮರುದಿನ ಎಂಆರ್‌ಐ ಮಾಡಿದರೆ ಗಡ್ಡೆ ಇದ್ದಲ್ಲೇ ಇರುತ್ತದೆ. ಅದರ ಬೇರು ಸುಟ್ಟಿರುತ್ತದೆ, ಒಣಗಲು ವಾರಗಳು, ತಿಂಗಳುಗಳು ಬೇಕು. ಒಂದು ವರ್ಷದ ಹೊತ್ತಿಗೆ ಇಂಥ ಚಿಕ್ಕ ಗಡ್ಡೆಗಳಲ್ಲಿ ನೂರಕ್ಕೆ 80-90 ಹತೋಟಿಯಲ್ಲಿರುತ್ತವೆ. ಹತೋಟಿ ಅಂದರೆ ಮಾಯ ಅಂತಲೇ ಅಲ್ಲ, ಕುಗ್ಗಿ ಸುಮ್ನೆ ಕೂತಿದ್ದರೂ ಸಾಕು. ಹೊಡೆದ ಗಡ್ಡೆಗೆ ಮಾತ್ರ ಈ ಲೆಕ್ಕ, ಬೀಜಗಳಿಗಲ್ಲ. ಬೀಜಗಳಿಗೆ ಔಷಧಿ ಬೇಕು. ಕ್ಯಾನ್ಸರಿನ ಔಷಧಿ ಕೊಡುವ ಡಾಕ್ಟರನ್ನು ಈ ಗಲಾಟೆಯಲ್ಲಿ ಮರೆಯಬೇಡಿ. ಹರ್-2 ಕಾಯಿಲೆಗೆ ಮಿದುಳಿನೊಳಗೂ ಕೆಲಸ ಮಾಡುವ ಟುಕಾಟಿನಿಬ್, ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ತರಹದ ಔಷಧಿಗಳು ಬಂದಿವೆ. ನಿಮ್ಮ ಅಮ್ಮನಿಗೆ ಯಾವುದು, ಯಾವಾಗ ಅನ್ನುವುದು ಅವರ ತೀರ್ಮಾನ. ನೀವು ಮಾಡಬೇಕಾದದ್ದು ಒಂದಿದೆ. ಯಾವ ಔಷಧಿ ನಡೆಯುತ್ತಿದೆ ಅಂತ ರೇಡಿಯೇಷನ್ ಡಾಕ್ಟರಿಗೆ ತಪ್ಪದೆ ಹೇಳಿ. ಹರ್-2ಗೇ ಕೊಡುವ ಟಿ-ಡಿಎಂ1 ತರಹದ ಕೆಲವು ಔಷಧಿಗಳ ಜೊತೆ ಈ ರೇಡಿಯೇಷನ್ ಸೇರಿದರೆ ಅಡ್ಡ ಪರಿಣಾಮ ಹೆಚ್ಚು. ಎರಡು ಆಸ್ಪತ್ರೆಯ ಫೈಲು ಎರಡು ಚೀಲದಲ್ಲಿದ್ದರೆ ಇಂಥವೇ ತಪ್ಪಿಹೋಗುವುದು.

ಆ ಅಡ್ಡ ಪರಿಣಾಮದ ಬಗ್ಗೆ ಈಗಲೇ ಹೇಳಿಡುತ್ತೇನೆ, ಮುಂದೆ ಎದೆ ಒಡೆಯದಿರಲಿ ಅಂತ. ಆರು ತಿಂಗಳ ಮೇಲೆ, ಒಮ್ಮೊಮ್ಮೆ ಎರಡು ವರ್ಷದ ಹೊತ್ತಿಗೆ, ಸುಟ್ಟ ಜಾಗದ ಸುತ್ತ ಊತ ಬಂದು ಎಂಆರ್‌ಐಯಲ್ಲಿ ಗಡ್ಡೆ ಮತ್ತೆ ಬೆಳೆದ ಹಾಗೆಯೇ ಕಾಣಬಹುದು. ರೇಡಿಯೇಷನ್ ನೆಕ್ರೋಸಿಸ್ ಅನ್ನುತ್ತೇವೆ. ಕ್ಯಾನ್ಸರ್ ಅಲ್ಲ, ಸತ್ತ ಅಂಗಾಂಶದ ಗಲಾಟೆ. ಒಬ್ಬ ಹೆಣ್ಣುಮಗಳು ರಿಪೋರ್ಟಿನಲ್ಲಿ ‘ಪ್ರೋಗ್ರೆಷನ್’ ಅನ್ನುವ ಒಂದು ಪದ ಓದಿ, ನನ್ನ ಹತ್ತಿರ ಬರುವ ಮೊದಲೇ ಒಡವೆ ಹಂಚಲು ಶುರು ಮಾಡಿದ್ದರು. ಬೇರೆ ರೀತಿಯ ಎಂಆರ್‌ಐ ಮಾಡಿಸಿ, ಎರಡು ತಿಂಗಳು ಕಾದೆವು. ಸ್ಟೀರಾಯ್ಡ್‌ನಲ್ಲೇ ಇಳಿಯಿತು. ಇಳಿಯದಿದ್ದರೆ ಬೆವಾಸಿಜುಮ್ಯಾಬ್ ಇಂಜೆಕ್ಷನ್ ಇದೆ, ಅಪರೂಪಕ್ಕೆ ಆಪರೇಷನ್. ಒಡವೆ ವಾಪಸ್ ಬಂತಾ ಅಂತ ನಾನು ಕೇಳಲಿಲ್ಲ. ಹಾಗಾಗಿ ಎಂಆರ್‌ಐ ರಿಪೋರ್ಟನ್ನು ಸಂಜೆ ಮೊಬೈಲಿನಲ್ಲಿ ಓದಿ ರಾತ್ರಿಯೆಲ್ಲ ಎಚ್ಚರ ಇರಬೇಡಿ. ರೇಡಿಯೇಷನ್ ಕೊಟ್ಟವರು ಹಳೆಯ ಚಿತ್ರಗಳ ಪಕ್ಕ ಇಟ್ಟು ನೋಡಲಿ. ಪ್ರತಿ ಸಲವೂ ಹಳೆಯ ಸಿ.ಡಿ.ಗಳನ್ನು ಒಯ್ಯಿರಿ. ಸಾಧ್ಯವಾದರೆ ಎಂಆರ್‌ಐ ಒಂದೇ ಕಡೆ ಮಾಡಿಸಿ.

ದುಡ್ಡಿನ ಮಾತು ನೀವು ಎತ್ತಲಿಲ್ಲ, ಆದರೂ ಇದ್ದೇ ಇರುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಏನು ಸಿಗುತ್ತದೆ ಅಂತ ಆಸ್ಪತ್ರೆಯಲ್ಲಿ ಕೂರುವ ಆರೋಗ್ಯಮಿತ್ರರನ್ನು ಕೇಳಿ. ಅಡ್ವಾನ್ಸ್ ಕಟ್ಟುವ ಮೊದಲೇ ಕೇಳಿ, ಆಮೇಲೆ ಅಲ್ಲ. ಇನ್ನೊಂದು ಲೆಕ್ಕ ಕೂಡ ಹಾಕಿಕೊಳ್ಳಿ. ಪ್ಯಾಕೇಜ್ ಅಂತ ಹೇಳುವ ದುಡ್ಡಿನಲ್ಲಿ ಮುಂದಿನ ಎಂಆರ್‌ಐಗಳು ಸಾಮಾನ್ಯವಾಗಿ ಸೇರಿರುವುದಿಲ್ಲ. ವರ್ಷಕ್ಕೆ ನಾಲ್ಕೈದು ಎಂಆರ್‌ಐ, ಹಾಸನದಿಂದ ಓಡಾಟ, ಜೊತೆಗೆ ಬರುವವರ ಕೂಲಿ ಅಥವಾ ರಜೆ. ಮೊದಲ ದಿನಕ್ಕೇ ಇದ್ದಬದ್ದದ್ದೆಲ್ಲ ಸುರಿದು, ಎರಡನೇ ಎಂಆರ್‌ಐಗೆ ದುಡ್ಡಿಲ್ಲ ಅಂತ ನಿಲ್ಲಿಸಿದವರನ್ನು ನೋಡಿದ್ದೇನೆ. ಒಂದು ವರ್ಷದ ಎಂಆರ್‌ಐ ಖರ್ಚನ್ನು ಮೊದಲೇ ತೆಗೆದಿಟ್ಟು ಮುಂದುವರಿಯಿರಿ. ತೆಗೆದಿಡುವುದು ಯಾವ ರೀತಿಯಲ್ಲೂ ಆಗುವುದಿಲ್ಲ, ಓಡಾಡುವವರೂ ಇಲ್ಲ ಅಂದರೆ ಅದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಆಗ ಹತ್ತು ದಿನದ ದಾರಿಯ ಬಗ್ಗೆ ಇನ್ನೊಮ್ಮೆ ಯೋಚಿಸಬೇಕಾಗಬಹುದು. ಅದು ಸೋಲಲ್ಲ.

ಅಮ್ಮನಿಗೆ ಹೇಳಿಲ್ಲ ಅಂದಿರಿ. ಒಂದು ಕುಟುಂಬದ ಕಥೆ ಕೇಳಿ. ಮಕ್ಕಳು ಕಾರಿಡಾರಿನಲ್ಲಿ ನನ್ನನ್ನು ತಡೆದು, ‘ತಾಯಿಗೆ ಹೇಳಬೇಡಿ, ತಡೆದುಕೊಳ್ಳಲ್ಲ’ ಅಂದರು. ಒಳಗೆ ಹೋದರೆ ತಾಯಿ ಮೆಲ್ಲಗೆ, ‘ನನಗೆ ಗೊತ್ತು ಡಾಕ್ಟ್ರೇ, ಮಕ್ಕಳಿಗೆ ಹೇಳಬೇಡಿ, ಪಾಪ ಹೆದರಿಕೊಳ್ತಾವೆ’ ಅಂದರು. ನಿಮ್ಮ ಅಮ್ಮ ಒಮ್ಮೆ ಕ್ಯಾನ್ಸರ್ ಕಂಡು ಗೆದ್ದವರು. ಕೈಯಿಂದ ಲೋಟ ಬಿದ್ದದ್ದು ಅವರಿಗೇ ಮೊದಲು ಗೊತ್ತು. ಮುಖಕ್ಕೆ ಜಾಲರಿ ಒತ್ತುವಾಗ ಏನು ಅಂತ ಊಹಿಸಲಾರರಾ? ಕಾನೂನಿನ ಪ್ರಕಾರವೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವರು ಅವರೇ. ಎಲ್ಲವನ್ನೂ ಒಂದೇ ಸಲ ಸುರಿಯಬೇಕಿಲ್ಲ. ‘ತಲೆನೋವು ಯಾಕೆ ಬಂದಿರಬಹುದು ಅಂತ ನಿನಗನ್ನಿಸುತ್ತೆ ಅಮ್ಮಾ?’ ಅಂತ ಕೇಳಿ ಸುಮ್ಮನಿರಿ. ಉತ್ತರ ಬಹುಶಃ ಅವರಿಂದಲೇ ಬರುತ್ತದೆ. ‘ಹಳೇ ಕಾಯಿಲೆ ತಲೆಯಲ್ಲಿ ಕಾಣಿಸಿಕೊಂಡಿದೆ, ಚಿಕಿತ್ಸೆ ಇದೆ, ಕೂದಲು ಹೋಗಲ್ಲ’ ಅನ್ನುವಷ್ಟರಿಂದ ಶುರು ಮಾಡಬಹುದು. ಎಷ್ಟು ದಿನ ಅಂತ ಅವರು ಕೇಳಿದರೆ ನಿಮ್ಮ ಡಾಕ್ಟರ ಹತ್ತಿರ ಕರೆದೊಯ್ಯಿರಿ, ನೀವು ಊಹೆ ಹೇಳಬೇಡಿ.

ಮದುವೆಗೆ ಹೋಗಲಿ. ಧಾರಾಳವಾಗಿ ಹೋಗಲಿ. ಆದರೆ ಮದುವೆ ಮುಗಿಸಿ ಚಿಕಿತ್ಸೆ ಅಂತ ಮುಂದೂಡಬೇಡಿ. ಚಿಕಿತ್ಸೆ ಈ ತಿಂಗಳೇ ಮುಗಿಸಿ, ಆಮೇಲೆ ಹೋಗಿ. ಚಿಕಿತ್ಸೆ ಮತ್ತು ಮದುವೆಯ ನಡುವೆ ಒಂದು ವಾರವಾದರೂ ಇರಲಿ. ಡೆಕ್ಸಾ ಮಾತ್ರೆ ನಿಮ್ಮ ಜೇಬಿನಲ್ಲಿರಲಿ, ಅಮ್ಮನ ಬ್ಯಾಗಿನಲ್ಲಿ ಅಲ್ಲ. ಮದುವೆಮನೆಯಲ್ಲಿ ಬ್ಯಾಗು ಎಲ್ಲಿರುತ್ತದೋ ಯಾರಿಗೆ ಗೊತ್ತು. ಡೆಕ್ಸಾ ತಿನ್ನುವಾಗ ಹಸಿವು ಜಾಸ್ತಿ, ಹೋಳಿಗೆ ಒಂದಕ್ಕೆ ನಿಲ್ಲಿಸಿ. ಮೆಟ್ಟಿಲು ಹತ್ತುವಾಗ ಎಡಗಡೆ ಒಬ್ಬರು ಇರಲಿ. ತಲೆನೋವು ಏರುತ್ತಾ ವಾಂತಿ ಬಂದರೆ, ಮಂಪರು ಹತ್ತಿದರೆ, ಫಿಟ್ಸ್ ಬಂದರೆ, ಕೈಕಾಲು ಇದ್ದಕ್ಕಿದ್ದಂತೆ ಸೋತರೆ ಬೆಳಗಾಗಲಿ ಅಂತ ಕಾಯಬೇಡಿ. ಮದುವೆ ಊರಿನ ಹತ್ತಿರ ಸ್ಕ್ಯಾನ್ ಇರುವ ಆಸ್ಪತ್ರೆ ಯಾವುದು ಅಂತ ಹೊರಡುವ ಮೊದಲೇ ತಿಳಿದುಕೊಂಡಿರಿ. ಮೊದಲ ಎಂಆರ್‌ಐಗೆ ತಾರೀಖು ಚಿಕಿತ್ಸೆಯ ದಿನವೇ ಬರೆಸಿಕೊಂಡು ಬನ್ನಿ, ಮತ್ತು ಅದನ್ನು ಮನೆಯ ಕ್ಯಾಲೆಂಡರಿನಲ್ಲಿ ಮದುವೆಯ ತಾರೀಖಿಗೆ ಹಾಕಿದ ಪೆನ್ನಿನಲ್ಲೇ ಗುರುತು ಮಾಡಿ.